ಗೇಟಿನ ಫೈಲು

ಊದುಬತ್ತಿ ಕಾರ್ಖಾನೆಯ ಗೇಟಿಗೆ ಹೊರಗಿನಿಂದ ಬೀಗ ಹಾಕಿದರು. ಒಳಗೆ ಸೆಂಟಿನ ಎಣ್ಣೆಯ ಡ್ರಮ್ಮಿಗೆ ಬೆಂಕಿ ಹತ್ತಿತು. ಕಸ್ತೂರಿ ಗೇಟಿನ ಸರಳು ಹಿಡಿದುಕೊಂಡೇ ಸತ್ತಳು.

ಉಳಿದ ಹೆಂಗಸರು ಹಿಂದಿನ ತಗಡು ಒದ್ದು ಮುರಿದು ಹೊರಬಿದ್ದರು. ಕಸ್ತೂರಿ ಮಾತ್ರ ಗೇಟಿನ ಕಡೆ ಓಡಿದ್ದಳು, ಗೇಟು ಅಂದರೆ ಹೊರಗೆ ಹೋಗುವ ದಾರಿ ಅಂತ ಎಲ್ಲರ ಹಾಗೆ ಅವಳೂ ನಂಬಿದ್ದಳಲ್ಲ. ಆ ಸಂಜೆ ಊರ ತುಂಬ ಗಂಧದ ವಾಸನೆ. ಪೇಟೆಯಲ್ಲಿ ಜನ ಮೂಗು ಅರಳಿಸಿ ನಿಂತು, 'ಇವತ್ತು ಚಲೋ ಮಾಲು ಮಾಡಾಕತ್ತಾರ' ಅಂದುಕೊಂಡರಂತೆ. ದೇವರ ಮನೆಯ ವಾಸನೆ ಬರುವಾಗ ಒಳಗೊಂದು ಜೀವ ಸುಡುತ್ತಿದೆ ಅಂತ ಯಾರಿಗೆ ಹೊಳೆದೀತು? ಇವತ್ತಿಗೂ ನಮ್ಮ ಓಣಿಯಲ್ಲಿ ಯಾರೂ ಊದುಬತ್ತಿ ಹಚ್ಚುವುದಿಲ್ಲ. ಬರೀ ದೀಪ.

ನಮ್ಮ ಓದುಮನೆ ಇರುವುದು ಕಾರ್ಖಾನೆಯ ಎದುರಿಗೆ, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ನಾನೂ ಮೊದಲು ಆ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಕೂತವಳೇ. ಮೂಗಿನಲ್ಲಿ ರಕ್ತ ಬರತೊಡಗಿದ ಮೇಲೆ ಬಿಟ್ಟು, ಓದುಮನೆಯ ಕೀಲಿ ಹಿಡಿದುಕೊಂಡೆ. ಸಂಗಣ್ಣ ಮಾಸ್ತರರು ಕೆಲಸ ಮುಗಿಸಿ ಬಂದ ಹೆಂಗಸರಿಗೆ ಪುಸ್ತಕ ಓದಿಸುತ್ತಿದ್ದರು. ಸರದಿಯ ಮೇಲೆ ಒಬ್ಬೊಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ನಡುವೆ ಬಾಯಿ ಹಾಕಿ ಜಗಳ ಆಡಬೇಕು. ಕಸ್ತೂರಿ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದಳು. ಉದ್ದನೆಯ ಶಬ್ದ ಬಂದರೆ ಬೆರಳು ನಿಲ್ಲಿಸಿ, 'ಮಾಸ್ತರ, ಇದನ್ನ ಬರದಂವಗ ಊಟಾಗೀಟಾ ಆಗಿತ್ತೋ ಇಲ್ಲೋ' ಅನ್ನುತ್ತಿದ್ದಳು. ಕೋಣೆ ಬಿದ್ದು ಬಿದ್ದು ನಗುತ್ತಿತ್ತು.

ತಮ್ಮ ಪಾಲಿನ ಕಡ್ಡಿ ಹೊಸೆದು ಮುಗಿಸಿದವರು ಗಂಟೆಗೆ ಮೊದಲೇ ಎದ್ದು ಹೋಗಬಹುದು ಅನ್ನುವುದು ಕಾರ್ಖಾನೆಯಲ್ಲಿ ಹಿಂದಿನಿಂದ ನಡೆದುಬಂದದ್ದು. ಆದರೆ ಎದ್ದವರು ಮನೆಗೆ ಹೋಗದೆ ನಮ್ಮ ಮೆಟ್ಟಿಲು ಹತ್ತತೊಡಗಿದರು. ಓದಲು ಕಲಿತವರು ಮಾಸ್ಕು ಎಲ್ಲಿ, ನೀರು ಎಲ್ಲಿ, ಹಿಂದಿನ ಬಾಗಿಲು ಎಲ್ಲಿ ಅಂತ ಕೇಳತೊಡಗಿದರು. ಮ್ಯಾನೇಜರು ಹಿಂದಿನ ಬಾಗಿಲ ಗೊಡವೆಗೆ ಹೋಗಲಿಲ್ಲ. ಮುಂದಿನದಕ್ಕೆ ಬೀಗ ತರಿಸಿದರು. ಆ ಬೀಗದ ಮೊದಲ ಸಂಜೆಯೇ ಬೆಂಕಿ ಬಿತ್ತು. ನಮ್ಮ ಕಡೆ ಬರುವ ಹೆಜ್ಜೆಗೇ ಬೀಗ ಬಿದ್ದದ್ದು ಅನ್ನುವುದನ್ನು ನಾನು ಯಾವ ಭಾಷಣದಲ್ಲೂ ಹೇಳಿಲ್ಲ.

ಓದುಮನೆಯ ಲ್ಯಾಪ್‌ಟಾಪು ಆ ಹೊತ್ತಿನಲ್ಲಿ ಕಿಟಕಿಯ ಮೇಲಿತ್ತು. ಗೇಟು ಬಿಟ್ಟಾಗ ಹೆಂಗಸರು ನಗುತ್ತ ಹೊರಬರುವುದನ್ನು ಹಿಡಿಯಬೇಕು, ನಮ್ಮ ವಾರ್ಷಿಕ ಸಭೆಯಲ್ಲಿ ತೋರಿಸಬೇಕು ಅಂತ ಮಾಸ್ತರರು ಅದರ ಮುಖವನ್ನು ಬೀದಿಗೆ ತಿರುಗಿಸಿ ಇಟ್ಟಿದ್ದರು. ಅದು ಹಿಡಿದದ್ದು ಬೇರೆ. ವಾಚ್‌ಮನ್ ಫಕೀರಪ್ಪ ಗೇಟು ಎಳೆಯುತ್ತಾನೆ. ಪಕ್ಕದಲ್ಲಿ ಮ್ಯಾನೇಜರು ನಿಂತು ಬೆರಳು ಮಾಡಿ ತೋರಿಸುತ್ತಾರೆ, ಫಕೀರಪ್ಪ ಬೀಗ ತಿರುವುತ್ತಾನೆ, ಮ್ಯಾನೇಜರು ಕೀಲಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡು ಕಾರು ಹತ್ತುತ್ತಾರೆ. ಆಮೇಲೆ ಹೊಗೆ. ಆಮೇಲೆ ಸರಳಿನ ಹಿಂದೆ ಕಸ್ತೂರಿಯ ಮುಖ. ಫಕೀರಪ್ಪ ಬರಿಗೈಯಲ್ಲಿ ಬೀಗ ಜಗ್ಗುತ್ತ ಜಗ್ಗುತ್ತ ಕುಸಿದು ಕೂರುತ್ತಾನೆ.

ಆ ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಕೀಲು ಮುರಿದು ಪರದೆಯನ್ನು ಗೋಡೆಗೋ ತಂಬಿಗೆಗೋ ಆನಿಸಿ ನಿಲ್ಲಿಸಬೇಕು. ಬ್ಯಾಟರಿ ಊದಿಕೊಂಡಿದೆ ಅಂತ ರಿಪೇರಿಯವನು ಕಿತ್ತು ಹಾಕಿದ್ದ. ಪ್ಲಗ್ಗಿಗೆ ಸಿಗಿಸಿದರೆ ಜೀವ, ತೆಗೆದರೆ ಇಲ್ಲ. 'ಅಕ್ಕಾ, ಇದು ಇವತ್ತು ಹೋಗ್ತದೋ ಮಳೆಗಾಲ ಕಳೀತದೋ ನಾ ಹೇಳಾಕಾಗೂದಿಲ್ಲ' ಅಂದ. ಅದೂ ಅಲ್ಲದೆ, ಬೆಂಕಿಯ ವಿಚಾರಣೆಗೆ ಬಂದ ಸಾಹೇಬರು ಹಳೆಯ ಯಂತ್ರದಲ್ಲಿದ್ದದ್ದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹೊಸದಕ್ಕೆ ದಾಟಿದ್ದು ಮಾತ್ರ ಸಾಕ್ಷಿ. ನಮ್ಮೂರಿನ ಕಾಯಿದೆ ಅದು. ಓದುಮನೆಯವರೆಲ್ಲ ಸೇರಿ ಹೊಸದೊಂದು ತಂದು ನನ್ನ ಕೈಗಿಟ್ಟರು. 'ದಾಕ್ಷಾಯಣಿ, ದಾಟಿಸಿಕೊಂಡು ಬಾ' ಅಂದರು ಮಾಸ್ತರರು.

ದಾಟಿಸುವುದು ಅಂದರೆ ಊರು ಸುತ್ತುವುದು. ಫೈಲಿನೊಳಗೆ ಯಾರ್ಯಾರು ಇದ್ದಾರೋ ಅವರ ಮನೆಗೆ ಹಳೆಯದು ಹೊಸದು ಎರಡನ್ನೂ ಒಯ್ಯಬೇಕು, ವೈರಿನಿಂದ ಕಟ್ಟಬೇಕು, ಅವರು ಹೊಸದರ ಮೇಲೆ ಅಂಗೈ ಇಟ್ಟು ಹೂಂ ಅನ್ನಬೇಕು. ಹೂಂ ಅಂದರೆ ಬಂದರು. ಉಹೂಂ ಅಂದರೆ ಚಿತ್ರದಲ್ಲಿ ಅವರಿದ್ದ ಜಾಗ ಅವರ ಆಕಾರಕ್ಕೇ ಬೆಳ್ಳಗೆ ಉಳಿಯುತ್ತದೆ. ಸತ್ತವರ ಪರವಾಗಿ ಹತ್ತಿರದ ರಕ್ತದವರು ಕೈ ಇಡಬೇಕು. ಕೊನೆಯವರ ಉತ್ತರ ಸಿಗುವ ತನಕ ಫೈಲು ಇಡಿಯಾಗಿ ಹಳೆಯದರಲ್ಲೇ ಇರುತ್ತದೆ, ಹೊಸದರಲ್ಲಿ ಬರೀ ಅದರ ಮಸುಕು ನೆರಳು. ಕೊನೆಯ ಉತ್ತರ ಸಿಕ್ಕಿತೋ, ದಾಟಿಬಿಡುತ್ತದೆ. ಹಳೆಯದರಲ್ಲಿ ಆಮೇಲೆ ಏನೂ ಇಲ್ಲ. ಪೆನ್‌ಡ್ರೈವಿಗೂ ಫೋನಿಗೂ ಇದೇ ಕಟ್ಟಳೆ.

ಹೀಗೆ ಎರಡು ಲ್ಯಾಪ್‌ಟಾಪು ಬಗಲಲ್ಲಿ ಇಟ್ಟುಕೊಂಡು ಹೊರಟವರನ್ನು ಕಂಡರೆ ನಮ್ಮೂರಲ್ಲಿ 'ಆಕಳಾ ಕರಾ ಬಂದ್ವು' ಅನ್ನುತ್ತಾರೆ, ಹಳೆಯದು ಆಕಳು, ಹೊಸದು ಕರು. ಮನೆಯವರು ಪ್ಲಗ್ಗು ತೋರಿಸುತ್ತಾರೆ, ಚಾಪೆ ಹಾಸುತ್ತಾರೆ, ಕೈ ತೊಳೆದುಕೊಂಡು ಬರುತ್ತಾರೆ. ಅದೊಂದು ಮರ್ಯಾದೆ. ಮೊದಲು ಸಣ್ಣಪುಟ್ಟ ಫೈಲುಗಳನ್ನು ಮುಗಿಸಿಬಿಡೋಣ ಅಂತ ಹೊರಟೆ. ಟೇಲರ್ ಇಮಾಮಸಾಬರು ಸಭೆಯ ಫೋಟೊ ನೋಡಿದವರೇ ಕೈ ಹಿಂದಕ್ಕೆ ಎಳೆದುಕೊಂಡರು. 'ಏನ್ ತಂಗಿ ಇದು, ಮೂಗಿನಾಗ ಬಟ್ಟು ಇಟ್ಕೊಂಡೀನಲ್ಲ! ನಾಳೆ ಮೊಮ್ಮಕ್ಕಳು ನೋಡಿದ್ರ ಅಜ್ಜ ಮೂಗಿನಾಗ ಏನ್ ಹುಡುಕ್ತಿದ್ದ ಅಂತಾರ. ಬ್ಯಾರೆದು ಐತೇನು?' ಬೇರೆಯದು ಇರಲಿಲ್ಲ. ಉಹೂಂ ಅಂದರು. ಮುಂದಿನ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾದ ನೆಗೆಣ್ಣಿಯರ ಪಂಚಾಯ್ತಿ ಇನ್ನೊಂದು. ಹೆಗಲ ಮೇಲೆ ಕೈ ಹಾಕಿಕೊಂಡು ತೆಗೆಸಿದ ಫೋಟೊ ಅದು. 'ಆಕಿ ಹೂಂ ಅಂದ್ಲೇನು? ಹಂಗಾದ್ರ ನಾ ಉಹೂಂ' ಅಂದಳು ಕಿರಿಯಳು. ಈಗ ಹೊಸ ಲ್ಯಾಪ್‌ಟಾಪಿನಲ್ಲಿ ಹಿರಿಯಳು ಬಿಳಿಯ ಗಾಳಿಯ ಹೆಗಲ ಮೇಲೆ ಕೈ ಹಾಕಿಕೊಂಡು ಹಲ್ಲು ಕಿರಿಯುತ್ತಿದ್ದಾಳೆ.

ಇದರಲ್ಲಿ ನಗುವುದೂ ಉಂಟು, ಆದರೆ ನಮ್ಮೂರಿನ ಹೊಸ ಲ್ಯಾಪ್‌ಟಾಪುಗಳನ್ನು ಒಮ್ಮೆ ತೆರೆದು ನೋಡಿ. ಏಟು ತಿಂದವರೆಲ್ಲ ಇದ್ದಾರೆ, ಹೊಡೆದವರು ಒಬ್ಬರೂ ಇಲ್ಲ. ಮುಷ್ಕರದ ವಿಡಿಯೊದಲ್ಲಿ ಬಿಳಿಯ ಕೈಗಳು ಬಿಳಿಯ ಲಾಠಿ ಎತ್ತುತ್ತವೆ, ಜನ ತಮ್ಮಷ್ಟಕ್ಕೆ ತಾವೇ ತಲೆ ಒಡೆದುಕೊಂಡವರಂತೆ ಬೀಳುತ್ತಾರೆ. ಗುಡಿಸಲುಗಳು ಕೆಟ್ಟ ಕನಸು ಬಿದ್ದವರ ಹಾಗೆ ಇದ್ದಕ್ಕಿದ್ದಂತೆ ಉರುಳುತ್ತವೆ. ಈ ಊರಿನಲ್ಲಿ ತಪ್ಪು ನಡೆಯುತ್ತದೆ, ಮಾಡಿದವರು ಮಾತ್ರ ಹುಟ್ಟಿಯೇ ಇಲ್ಲ. ಕಾಯಿದೆ ಬರೆದವರು ಯಾರು ಅಂತ ಬೇರೆ ಹೇಳಬೇಕೆ?

ಕೊನೆಗೆ ಉಳಿದದ್ದು ಗೇಟಿನ ಫೈಲು. ಅದರಲ್ಲಿ ಮೂವರು. ಮ್ಯಾನೇಜರ ಬಳಿಗೆ ಮೊದಲು ಹೋದೆ. ಬೈದು ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು, ಕಾಫಿ ತರಿಸಿದರು, ಮೇಜಿನ ಕೆಳಗೆ ತಾವೇ ಬಗ್ಗಿ ಪ್ಲಗ್ಗು ಸಿಗಿಸಿದರು. 'ನೀವು ನಮ್ಮಲ್ಲೇ ಕೆಲಸ ಮಾಡಿದವರಲ್ವಾ ದಾಕ್ಷಾಯಣಿ? ಆರೋಗ್ಯ ಹೇಗಿದೆ?' ಅಂದರು. ವಿಡಿಯೊವನ್ನು ಪೂರ್ತಿ ನೋಡಿದರು. ಕರ್ಚೀಫಿನಲ್ಲಿ ಬೆರಳು ಬೆರಳು ಬಿಡಿಸಿ ಒರೆಸಿಕೊಂಡು, ಅಂಗೈಯನ್ನು ಮೆತ್ತಗೆ ಇಟ್ಟು, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ 'ಉಹೂಂ' ಅಂದರು. 'ತಪ್ಪು ತಿಳ್ಕೋಬೇಡಿ. ಕಾಯಿದೆ ಪ್ರಕಾರ ನನ್ನ ಹಕ್ಕು.' ನಾನು ಕಾಫಿ ಮುಟ್ಟಲಿಲ್ಲ. ನನ್ನಿಂದಾದದ್ದು ಅಷ್ಟೇ.

ಫಕೀರಪ್ಪನ ಮನೆಗೆ ಬಾಗಿಲು ಹಾಕಿರುವುದಿಲ್ಲ. ಆ ದಿನದಿಂದ ಅವನು ಯಾವ ಬಾಗಿಲನ್ನೂ ಮುಚ್ಚುತ್ತಿಲ್ಲವಂತೆ. ನಾಯಿ ಒಳಗೆ ಬಂದು ಮಲಗಿತ್ತು, ಅದರ ಪಕ್ಕ ಅವನು ಕೂತಿದ್ದ. ಬೀಗ ಜಗ್ಗಿ ಸುಟ್ಟುಕೊಂಡ ಅಂಗೈಯ ಚರ್ಮ ಇನ್ನೂ ಎಳೆ ಗುಲಾಬಿ ಬಣ್ಣ. ನನ್ನ ಬಗಲು ನೋಡಿಯೇ ಎದ್ದು ಕೈ ತೊಳೆಯಲು ಹೋದ.

'ಮ್ಯಾನೇಜರ್ ಸಾಹೇಬ್ರು ಏನಂದ್ರವ್ವಾ?'

'ಉಹೂಂ ಅಂದ್ರು, ಫಕೀರಣ್ಣ.'

'ಅವ್ರು ಅನ್ನೂದು ಬರೋಬ್ಬರಿ ಐತಿ ಬಿಡು.' ಒದ್ದೆ ಕೈಯನ್ನು ಎದೆಗೆ ಒರೆಸಿಕೊಂಡ. 'ಬೀಗ ತಿರುವಿದ್ದು ಈ ಕೈ. ಇದು ಎಲ್ಲಿಗೆ ಹೋಗಿ ಉಹೂಂ ಅನಬೇಕು? ಇಡ್ತೀನಿ. ಇಟ್ರ ರಾತ್ರಿ ಒಂದೀಟು ಕಣ್ಣು ಹತ್ತೀತು.'

ಸ್ವಲ್ಪ ತಡೆಯಿರಿ, ಯೋಚನೆ ಮಾಡಿ, ಹೆಂಡತಿಯನ್ನೊಂದು ಮಾತು ಕೇಳಿ ಅನ್ನಬಹುದಾಗಿತ್ತು. ಅನ್ನಲಿಲ್ಲ. ಫೈಲು ದಾಟಬೇಕಿತ್ತು, ಮಾಸ್ತರರು ಕಾಯುತ್ತಿದ್ದರು, ನನ್ನ ತಲೆಯಲ್ಲಿ ವಿಚಾರಣೆಯ ಮೇಜು ಕುರ್ಚಿಗಳೇ ತುಂಬಿದ್ದವು. ಅವನು ಕೈ ಇಟ್ಟು ಹೂಂ ಅಂದ. ಇಟ್ಟ ಕೈಯನ್ನು ವಾಪಸು ತೆಗೆದುಕೊಳ್ಳಲು ನಮ್ಮೂರಲ್ಲಿ ಬರುವುದಿಲ್ಲ.

ಓದುಮನೆಗೆ ಬಂದು ಹೊಸದರ ಮಸುಕು ನೆರಳನ್ನು ತೆರೆದು ನೋಡಿದೆವು. ಆ ಮಸುಕಿನಲ್ಲೂ ಹೂಂ ಅಂದ ಫಕೀರಪ್ಪ ಕಡೆದು ನಿಲ್ಲಿಸಿದಷ್ಟು ಸ್ಪಷ್ಟವಾಗಿ ಬಂದಿದ್ದ. ಗೇಟು ಎಳೆಯುತ್ತಾನೆ, ಬೀಗ ತಿರುವುತ್ತಾನೆ. ಪಕ್ಕದಲ್ಲಿ ಒಂದು ಬಿಳಿ. ಆ ಬಿಳಿ ಯಾರು ಬೇಕಾದರೂ ಆಗಬಹುದು, ದಾರಿಹೋಕ, ಬೀಡಿಗೆ ಕಡ್ಡಿ ಕೇಳಲು ಬಂದವನು, ಯಾರೂ. ಕೀಲಿ ಎಲ್ಲಿ ಹೋಯಿತು ಅನ್ನುವುದಕ್ಕೆ ಗುರುತಿಲ್ಲ. ಸರಳಿನ ಹಿಂದೆ, ಕಸ್ತೂರಿ ಇರಬೇಕಾದ ಕಡೆ, ಇನ್ನೂ ಬರೀ ಹೊಗೆ.

'ಮಾಸ್ತರ, ಇದರಾಗ ಫಕೀರಣ್ಣ ಒಬ್ಬನೇ ಕೊಂದಂಗ ಕಾಣ್ತದಲ್ರೀ' ಅಂದೆ.

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಆ ಮನುಷ್ಯ ಕೆಟ್ಟವರಲ್ಲ. ನನಗೆ ಅಕ್ಷರದ ಜೊತೆಗೆ ಸಿಟ್ಟನ್ನೂ ಕಲಿಸಿದವರು. 'ನನಗೂ ಕಾಣ್ತದವ್ವ. ಆದ್ರ ಸಾಕ್ಷಿ ಇಲ್ದ ಇರೋದಕ್ಕಿಂತ ಅರ್ಧ ಸಾಕ್ಷಿ ಚಲೋ. ಕೊಲೆ ಆತು ಅನ್ನೋದಾದ್ರೂ ದಾಖಲಾಗಲಿ. ಉಳಿದದ್ದಕ್ಕ ಮುಂದ ಹೋರಾಡೂಣು. ಹುಲಿಗೆಮ್ಮನ ಕೈ ಒಂದು ಸಿಕ್ಕರ ಮುಗೀತು.'

ಮುಂದೆ ಹೋರಾಡೋಣ ಅನ್ನುವ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಚಪ್ಪಾಳೆ ತಟ್ಟಿ ಕೇಳಿದ್ದೆನೋ. ಅವತ್ತು ಮಾತ್ರ ಕೈ ಮೇಲೇಳಲಿಲ್ಲ. ಆದರೂ ಬಗಲಿಗೆ ಎರಡನ್ನೂ ಏರಿಸಿಕೊಂಡು ಮಾಸ್ತರರ ಹಿಂದೆ ನಡೆದೆ.

ಹುಲಿಗೆಮ್ಮ ಕಸ್ತೂರಿಯ ತಾಯಿ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ನಾವು ಹೋದಾಗ ಹೊಸ್ತಿಲಾಚೆ ಆಗಲೇ ದೊಡ್ಡ ಕಾರು ನಿಂತಿತ್ತು. ಮ್ಯಾನೇಜರು ಪೇಢೆಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಮಾಸ್ತರರನ್ನು ಕಂಡು ಸರಿದು ಜಾಗ ಬಿಟ್ಟರು. ಬೇರೆ ಕೂರಲು ಜಾಗ ಇರಲಿಲ್ಲ. ನಮ್ಮ ಮಾಸ್ತರರು ಆ ಬೆಂಚಿನ ಇನ್ನೊಂದು ತುದಿಗೆ ಕೂತರು.

'ಒಳ್ಳೇದೇ ಆಯ್ತು ಬಂದಿದ್ದು' ಅಂದರು ಮ್ಯಾನೇಜರು. 'ನಾನೂ ಅದನ್ನೇ ಹೇಳ್ತಿದ್ದೆ ಈ ಅಮ್ಮನಿಗೆ. ನಿಮ್ಮ ಮಗಳಿಗೆ ನ್ಯಾಯ ಸಿಗಬೇಕು. ಯಾರು ಬೀಗ ಹಾಕಿದರು ಅಂತ ಲೋಕಕ್ಕೆ ಗೊತ್ತಾಗಬೇಕು. ಕೈ ಇಡಮ್ಮಾ. ನಿಮ್ಮ ಚಿಕ್ಕ ಮಗಳಿಗೆ ಆಫೀಸಿನಲ್ಲಿ ಕಾಯಂ ಕೆಲಸ ಹೇಳಿದ್ದೀನಿ, ಕೂತು ಮಾಡೋದು.'

ನನಗೆ ಆಗ ಹೊಳೆಯಿತು. ಕಸ್ತೂರಿ ಬರದಿದ್ದರೆ ಅದು ಯಾರೋ ಒಬ್ಬ ಗೇಟು ಹಾಕುವ ಚಿತ್ರ, ಅಷ್ಟೇ. ಕಸ್ತೂರಿ ಬಂದರೆ ಫಕೀರಪ್ಪ ಕೊಲೆಗಾರ, ವಿಚಾರಣೆ ಮುಗಿಯಿತು, ಸಾಹೇಬರು ಕಡತ ಕಟ್ಟಿ ಊರಿಗೆ ಹೋಗುತ್ತಾರೆ. ಎರಡೂ ಕಡೆಯವರಿಗೆ ಬೇಕಾದದ್ದು ಈಗ ಒಂದೇ ಹೆಂಗಸಿನ ಒಂದೇ ಅಂಗೈ.

ಹುಲಿಗೆಮ್ಮ ಹಿಟ್ಟಿನ ಕೈಯಲ್ಲಿ ರೊಟ್ಟಿ ತಿರುವಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. 'ದಾಕ್ಷಾ, ನಾ ಅದನ್ನ ನೋಡೇ ಇಲ್ಲ. ಎಲ್ಲಾರೂ ಹೇಳಿದ್ದು ಕೇಳೀನಿ. ಮೊದಲ ನನಗ ತೋರ್ಸು. ಹಳೇದರಾಗ ತೋರ್ಸು.'

ಮಿಕ್ಸರಿನ ಪ್ಲಗ್ಗು ಕಿತ್ತು ನಮ್ಮದನ್ನು ಸಿಗಿಸಿದೆ. ಪರದೆಯನ್ನು ಹಿಟ್ಟಿನ ಡಬ್ಬಿಗೆ ಆನಿಸಿದೆ. ಅವಳು ಒಲೆಯ ಉರಿ ಹಿಂದಕ್ಕೆ ಸರಿಸಿ, ಮಂಡಿ ಹತ್ತಿರ ಎಳೆದುಕೊಂಡು ಕೂತಳು. ಗೇಟು, ಬೆರಳು, ಬೀಗ, ಕೀಲಿ, ಜೇಬು, ಕಾರು. ಹೊಗೆ. ಮಗಳ ಮುಖ ಸರಳಿನ ಹಿಂದೆ ಬಂದಾಗ ನಾನು ಬೇರೆ ಕಡೆ ನೋಡಿದೆ. ಮಾಸ್ತರರು ನೆಲ ನೋಡುತ್ತಿದ್ದರು.

'ತಲೀ ಬಾಚಿಕೊಂಡಿಲ್ಲ' ಅಂದಳು ಹುಲಿಗೆಮ್ಮ. 'ಮುಂಜಾನೆ ಹೊತ್ತಾತು ಅಂತ ಹಂಗೇ ಓಡಿದ್ಲು. ನಾನೇ ಬೈದಿದ್ದೆ.' ಆಮೇಲೆ ಮತ್ತೊಮ್ಮೆ ಮೊದಲಿನಿಂದ ಹಾಕಿಸಿದಳು. ಈ ಸಲ ಮಗಳ ತನಕ ಬರಲಿಲ್ಲ. ಬೆರಳು ತೋರಿಸುವಲ್ಲಿ ನಿಲ್ಲಿಸು ಅಂದಳು. ಪರದೆ ನೋಡಿದಳು, ಬೆಂಚು ನೋಡಿದಳು. ಮ್ಯಾನೇಜರು ಪೇಢೆ ಡಬ್ಬಿಯ ದಾರ ಸರಿಮಾಡುತ್ತಿದ್ದರು.

'ಈಗ ಹೊಸದು ತೋರ್ಸು.'

ತೋರಿಸಿದೆ. ಅವಳು ಬಗ್ಗಿ ನೋಡಿದಳು.

'ಇಲ್ಲಿ ನಿಂತಾಂವ ಎಲ್ಲಿ?'

'ಅವರು ಉಹೂಂ ಅಂದ್ರು, ಅಕ್ಕಾ.'

'ಫಕೀರಪ್ಪ?'

'ಹೂಂ ಅಂದ.'

'ಖರೇ ಹುಚ್ಚಪ್ಪ' ಅಂದಳು. ಬೈಗುಳದ ಹಾಗಿರಲಿಲ್ಲ ಅದು. 'ನಾ ಈಗ ಹೂಂ ಅಂದ್ರ, ಹಳೇದರಾಗಿಂದ ಬೆಂಚಿನ ಮ್ಯಾಲಿನ ಈತ ಹೋಗ್ತಾನ?'

'ಹೋಗ್ತಾರ. ಹಳೇದರಾಗ ಏನೂ ಉಳಿಯೂದಿಲ್ಲ.'

'ಉಹೂಂ ಅಂದ್ರ?'

'ಆಗಲೂ ಹೋಗ್ತಾರ. ಉತ್ತರ ಸಿಕ್ಕಂಗಾತಲ್ಲ. ಕಸ್ತೂರಿನೂ ಹೋಗ್ತಾಳ.'

'ಏನೂ ಅನ್ನದಿದ್ರ?'

ಅಂಥದ್ದನ್ನು ಯಾರೂ ಕೇಳಿದ್ದಿಲ್ಲ. ನಮ್ಮೂರಿನಲ್ಲಿ ಜನ ಹೂಂ ಅನ್ನಲು ಅಥವಾ ಉಹೂಂ ಅನ್ನಲು ಕೈ ತೊಳೆದುಕೊಂಡು ಬರುತ್ತಾರೆ. ಬಾಗಿಲಿಗೆ ಬಂದವರನ್ನು ಉತ್ತರವಿಲ್ಲದೆ ಕಳಿಸುವುದು ಮರ್ಯಾದೆಯಲ್ಲ. ಆ ಮರ್ಯಾದೆಯಲ್ಲೇ ಎಷ್ಟು ಜನರನ್ನು ಬೆಳ್ಳಗೆ ಮಾಡಿ ಕಳಿಸಿಬಿಟ್ಟೆವೋ ಅಂತ ಅವತ್ತು ಅವಳ ಒಲೆಯ ಮುಂದೆ ಕೂತಾಗ ಮೊದಲ ಸಲ ಅನ್ನಿಸಿತು. ಮುಷ್ಕರದ ಫೈಲಿಗೆ ಊರೆಲ್ಲ ಸುತ್ತಿ ಉತ್ತರ ಕೂಡಿಸಿ ದಾಟಿಸಿದವಳೂ ನಾನೇ. ಅವತ್ತು ಮಾಸ್ತರರು ಬೆನ್ನು ತಟ್ಟಿದ್ದರು.

'ಏನೂ ಅನ್ನದಿದ್ರ ಇದ್ದಲ್ಲೇ ಇರ್ತದ' ಅಂದೆ. 'ಆದ್ರ ಅಕ್ಕಾ, ಈ ಹಳೇದು ಎಷ್ಟು ದಿನ ನಡೀತದೋ ಗೊತ್ತಿಲ್ಲ. ಕೆಟ್ಟು ನಿಂತ್ರ ಎಲ್ಲಾ ಹೋಗ್ತದ. ಆಕಿನೂ, ಇವರೂ.'

ಮಾಸ್ತರರು ಬೆಂಚಿನಿಂದ ಎದ್ದು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. 'ಹುಲಿಗೆಮ್ಮಾ, ನನ್ನ ಮಾತು ಕೇಳು. ಹೂಂ ಅನ್ನು. ಆಕಿ ಮುಖ ಆದರೂ ಉಳೀಲಿ. ವಿಚಾರಣೆಯವರು ಈ ಹಳೇದನ್ನ ನೋಡೂದಿಲ್ಲ ತಾಯಿ.'

'ನೋಡದಿದ್ರ ಬಿಡ್ಲಿ. ಹಳೇದು ಇಲ್ಲೇ ಇರ್ಲಿ, ನೋಡೋರು ನನ್ನ ಮನಿಗೆ ಬರ್ಲಿ. ರೊಟ್ಟಿ ಒಯ್ಯಾಕ ದಿನಾ ಎಷ್ಟು ಮಂದಿ ಬರ್ತಾರ. ಒಂದ್ ರೊಟ್ಟಿ ಬೇಯೂತನಕ ನಿಂತು ನೋಡಿ ಹೋಗ್ಲಿ.'

'ಕರೆಂಟು ಹೋದರೆ?' ಅಂದರು ಮ್ಯಾನೇಜರು. ಅವರ ದನಿಯಲ್ಲಿ ಮೊದಲ ಬಾರಿಗೆ ಔಷಧಿಯ ಸಿಹಿ ಇರಲಿಲ್ಲ.

'ಹೋದ್ರ ಬರ್ತದ.'

'ನೋಡಮ್ಮಾ, ಹಟ ಮಾಡಬೇಡಿ. ಹೂಂ ಬೇಡ ಅಂದರೆ ಉಹೂಂ ಅನ್ನಿ. ಅದೂ ನಿಮ್ಮ ಹಕ್ಕು. ಏನೋ ಒಂದು ಹೇಳಿ, ಎಲ್ಲರಿಗೂ ಕೆಲಸ ಇದೆ.' ಅವರು ಎದ್ದು ಬಂದು ಹೊಸ ಲ್ಯಾಪ್‌ಟಾಪನ್ನು ತಮ್ಮ ಕೈಯಾರೆ ಎತ್ತಿ ಅವಳ ಮುಂದೆ ಹಿಡಿದರು. ಮಾಸ್ತರರು ಬೇಡ ಅನ್ನಲಿಲ್ಲ. ಇಬ್ಬರೂ ಬಗ್ಗಿ ನಿಂತಿದ್ದರು, ಒಬ್ಬರ ಕಣ್ಣಲ್ಲಿ ನೀರು, ಒಬ್ಬರ ಹಣೆಯಲ್ಲಿ ಬೆವರು. 'ಕೈ ಇಡವ್ವಾ' ಅಂದರು ಒಬ್ಬರು. 'ಕೈ ಇಡಮ್ಮಾ' ಅಂದರು ಇನ್ನೊಬ್ಬರು.

ನನ್ನ ಕಡೆಯೂ ನೋಡಿದಳು ಹುಲಿಗೆಮ್ಮ. ನಾನೇನಾದರೂ ಹೇಳುತ್ತೇನೋ ಅಂತ. ಅವಳು ಎರಡೂ ಕೈಗಳನ್ನು ಪರಾತದ ಹಿಟ್ಟಿನೊಳಗೆ ಮಣಿಕಟ್ಟಿನ ತನಕ ಇಳಿಸಿದಳು, ನೀರು ಹೊಯ್ಯಲು ಚಿಕ್ಕ ಮಗಳನ್ನು ಕೂಗಿದಳು, ನಾದತೊಡಗಿದಳು.

'ಇಡೂದಿಲ್ಲ' ಅಂದಳು.